ಕಾಣದ ಮೀನಿನ ಲೆಕ್ಕ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಉತ್ತರ ಭಾಗದಲ್ಲಿ ವಿಲಾಸ್ ಎಂಬ ಕೌಂಟಿಯಿದೆ. ಹತ್ತು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಇಲ್ಲಿಂದ ಹಿಂದೆ ಸರಿದ ಹಿಮನದಿಗಳು ನೆಲದ ತುಂಬ ತಗ್ಗುಗಳನ್ನು ಬಿಟ್ಟುಹೋದವು. ಅವುಗಳಲ್ಲಿ ನೀರು ನಿಂತು, ಈ ಒಂದು ಕೌಂಟಿಯಲ್ಲೇ 1,300ಕ್ಕೂ ಹೆಚ್ಚು ಸರೋವರಗಳಾಗಿವೆ. ಪೈನ್ ಮತ್ತು ಬರ್ಚ್ ಮರಗಳ ನಡುವಿನ ಎಸ್ಕನಾಬಾ ಸರೋವರ ಅವುಗಳಲ್ಲೊಂದು. ವಿಸ್ತೀರ್ಣ 293 ಎಕರೆ, ಅತಿ ಆಳದ ಜಾಗ ಸುಮಾರು 26 ಅಡಿ. ನೋಟಕ್ಕೆ ನೆರೆಯ ಸರೋವರಗಳಿಗಿಂತ ಬೇರೆಯಾಗಿ ಏನೂ ಇಲ್ಲ. ಆದರೂ ಮೀನುಗಳನ್ನು ಅಭ್ಯಾಸ ಮಾಡುವವರಿಗೆ ಇದು ಚಿರಪರಿಚಿತ ಹೆಸರು. 1946ರಿಂದ ಇಲ್ಲಿ ಗಾಳ ಹಾಕುವ ಪ್ರತಿಯೊಬ್ಬರೂ ಮೊದಲು ಅನುಮತಿ ಚೀಟಿ ಪಡೆಯಬೇಕು, ಹಿಡಿದ ಮೀನಿನ ಲೆಕ್ಕವನ್ನು ಹೊರಡುವಾಗ ಒಪ್ಪಿಸಬೇಕು. ಚೀಟಿಗೆ ಹಣವಿಲ್ಲ, ಲೆಕ್ಕ ಕೊಡುವುದೇ ಅದರ ಬೆಲೆ.

ಗಾಳಗಾರನಿಗೆ ಬೇಕಾಗಿರುವುದು ಒಂದೇ ಮಾತು: ಈ ವರ್ಷ ಇಲ್ಲಿ ಮೀನು ಸಿಗುತ್ತದೆಯೇ? ಉತ್ತರದ ರಾಜ್ಯಗಳ ಮೀನುಗಾರಿಕೆ ಇಲಾಖೆಗಳು ಅದಕ್ಕೆ ಉತ್ತರವಾಗಿ ವರದಿಗಳನ್ನು ಪ್ರಕಟಿಸುತ್ತವೆ. ‘ಮೀನು ಮಧ್ಯಮ ಪ್ರಮಾಣದಲ್ಲಿದೆ, ಗಾತ್ರ ಚೆನ್ನಾಗಿದೆ’ ಎಂಬ ಒಂದು ಸಾಲು ಓದಲು ಎರಡು ಕ್ಷಣ ಸಾಕು. ಆ ಸಾಲನ್ನು ಬರೆಯಲು ಎಷ್ಟು ಕೈಗಳು ಎಷ್ಟು ದಿನ ತಣ್ಣೀರಿನಲ್ಲಿ ದುಡಿದಿರುತ್ತವೆ, ಎಷ್ಟು ರಾತ್ರಿ ದೋಣಿಗಳು ದಡ ಸುತ್ತಿರುತ್ತವೆ ಎಂಬುದು ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ನೀರಿನೊಳಗೆ ಕಾಣದೆ ಓಡಾಡುವ ಜೀವಿಯನ್ನು ಎಣಿಸುವುದು ಒಂದು ಕಸುಬು. ಅದರ ಹಂತಗಳನ್ನು ಒಂದೊಂದಾಗಿ ನೋಡುವುದು ಈ ಲೇಖನದ ಉದ್ದೇಶ.

ಎಣಿಸಬೇಕಾದ ಮೀನು

ಎಸ್ಕನಾಬಾದಲ್ಲಿ ಹಲವು ಜಾತಿಯ ಮೀನುಗಳಿವೆ. ಮೈಮೇಲೆ ಅಡ್ಡಪಟ್ಟೆಯಿರುವ ಯೆಲ್ಲೊ ಪರ್ಚ್, ಕಲ್ಲುದಡ ಮೆಚ್ಚುವ ಸ್ಮಾಲ್‌ಮೌತ್ ಬಾಸ್, ಉದ್ದ ಮೂತಿಯ ನಾರ್ದರ್ನ್ ಪೈಕ್, ಮೂರು-ನಾಲ್ಕು ಅಡಿಯವರೆಗೆ ಬೆಳೆಯುವ ಬೇಟೆಗಾರ ಮೀನು ಮಸ್ಕೆಲಂಜ್. ಆದರೆ ಈ ಸೀಮೆಯ ಗಾಳಗಾರರ ಮನಸ್ಸು ನೆಟ್ಟಿರುವುದು ವಾಲ್‌ಐ ಎಂಬ ಮೀನಿನ ಮೇಲೆ. ಮೈಬಣ್ಣ ಹಳದಿ ಬೆರೆತ ಕಂದು, ಹೊಟ್ಟೆ ಬಿಳುಪು, ಬಾಯಲ್ಲಿ ಚೂಪು ಹಲ್ಲುಗಳು. ಮುಳ್ಳು ಕಡಿಮೆಯ ಬಿಳಿ ಮಾಂಸ ರುಚಿಗೆ ಹೆಸರುವಾಸಿ.

ಈ ಮೀನಿನ ಗುಟ್ಟು ಇರುವುದು ಕಣ್ಣಿನಲ್ಲಿ. ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಮರಳಿಸುವ ಒಂದು ಪದರವಿದೆ. ಒಮ್ಮೆ ಒಳಹೊಕ್ಕ ಬೆಳಕು ಆ ಪದರಕ್ಕೆ ಬಡಿದು ಹಿಂದಿರುಗುವಾಗ ದೃಷ್ಟಿಕೋಶಗಳನ್ನು ಎರಡನೇ ಸಲ ಹಾಯುತ್ತದೆ. ಹಾಗಾಗಿ ಮುಸ್ಸಂಜೆಯಲ್ಲಿ, ಕದಡಿದ ನೀರಿನಲ್ಲಿ, ಪರ್ಚ್‌ಗೆ ಮಸುಕಾಗಿ ಕಾಣುವ ಹೊತ್ತಿನಲ್ಲಿ ವಾಲ್‌ಐಗೆ ಸ್ಪಷ್ಟವಾಗಿ ಕಾಣುತ್ತದೆ. ಅದು ಬೇಟೆಗೆ ಹೊರಡುವುದೂ ಆಗಲೇ. ರಾತ್ರಿ ಟಾರ್ಚ್ ಹಾಯಿಸಿದರೆ ಈ ಕಣ್ಣುಗಳು ಹೊಳೆಯುತ್ತವೆ. ಮೀನನ್ನು ಎಣಿಸುವವರಿಗೂ ಆ ಹೊಳಪು ನೆರವಾಗುತ್ತದೆ.

ವರ್ಷದ ಬಹುಕಾಲ ವಾಲ್‌ಐ ಸರೋವರದ ತುಂಬ ಚದುರಿರುತ್ತದೆ. ಒಂದೇ ಒಂದು ಹೊತ್ತು ಮಾತ್ರ ಅದು ದಡಕ್ಕೆ ಗುಂಪುಗೂಡಿ ಬರುತ್ತದೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಮೇಲ್ಮೈ ಸಾಮಾನ್ಯವಾಗಿ ಏಪ್ರಿಲ್ ಕೊನೆಯ ಹೊತ್ತಿಗೆ ಒಡೆದು ಕರಗುತ್ತದೆ. ನೀರಿನ ಶಾಖ 5ರಿಂದ 10 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತಿದ್ದಂತೆ ವಾಲ್‌ಐಗಳು ರಾತ್ರಿ ಹೊತ್ತು ದಡದ ಜಲ್ಲಿಕಲ್ಲಿನ ಮೇಲೆ ಬಂದು ಮೊಟ್ಟೆ ಚೆಲ್ಲುತ್ತವೆ. ಮೊದಲು ಗಂಡು ಮೀನುಗಳು ಬಂದು ಕಾಯುತ್ತವೆ, ಆಮೇಲೆ ಹೆಣ್ಣುಗಳು. ದೊಡ್ಡದೊಂದು ಹೆಣ್ಣು ಲಕ್ಷಕ್ಕೂ ಮೀರಿ ಮೊಟ್ಟೆ ಇಡಬಲ್ಲದು. ಗೂಡಿಲ್ಲ, ಕಾವಲಿಲ್ಲ. ಕಲ್ಲುಸಂದಿಗೆ ಇಳಿದ ಮೊಟ್ಟೆಗಳು ಎರಡು-ಮೂರು ವಾರ ಅಲ್ಲೇ ಇದ್ದು ತಮ್ಮಷ್ಟಕ್ಕೆ ಒಡೆಯುತ್ತವೆ. ಇಡೀ ಸರೋವರದ ಬೆಳೆದ ಮೀನುಗಳೆಲ್ಲ ಮೊಣಕಾಲುದ್ದ ನೀರಿಗೆ ಬರುವ ಈ ಕೆಲವು ದಿನಗಳೇ ಎಣಿಕೆದಾರರಿಗೆ ಸಿಗುವ ಅವಕಾಶ.

ಬಲೆ ಹೂಡುವುದು

ಮಂಜುಗಡ್ಡೆ ದಡ ಬಿಟ್ಟ ದಿನವೇ ದೋಣಿಗಳು ನೀರಿಗಿಳಿಯುತ್ತವೆ. ಸರೋವರದ ನಡುವೆ ಇನ್ನೂ ಗಡ್ಡೆಗಳು ತೇಲುತ್ತಿರುವುದೂ ಉಂಟು. ಬಳಸುವುದು ಫೈಕ್ ಬಲೆ. ಮಲೆನಾಡಿನಲ್ಲಿ ಮಳೆಗಾಲದ ಹಳ್ಳಕ್ಕೆ ಇಡುವ ಬಿದಿರಿನ ಕೂಣಿಯನ್ನು ಕಂಡವರಿಗೆ ಇದರ ತತ್ವ ಹೇಳಿಕೊಡಬೇಕಿಲ್ಲ: ಒಳಗೆ ಹೋಗುವ ಬಾಯಿ ಅಗಲ, ಒಳಗಿನ ಕಂಡಿ ಕಿರಿದು, ಹೊಕ್ಕ ಮೀನಿಗೆ ಹಿಂದಿರುಗುವ ದಾರಿ ತಿಳಿಯುವುದಿಲ್ಲ. ಫೈಕ್ ಬಲೆಯಲ್ಲಿ ಮುಂದೆ ಆಳೆತ್ತರಕ್ಕೆ ಸ್ವಲ್ಪ ಕಡಿಮೆಯಿರುವ ಚೌಕಟ್ಟುಗಳು, ಅವುಗಳ ಹಿಂದೆ ಒಂದರ ನಂತರ ಒಂದು ಬಳೆಗಳು, ಬಳೆಗಳ ಮೇಲೆ ಹೊದಿಸಿದ ಜಾಲ, ಒಳಗೆ ಆಲಿಕೆಯಾಕಾರದ ಎರಡು ಕಂಡಿ. ಕೊನೆಯ ಚೀಲದ ಬಾಯನ್ನು ಹಗ್ಗದಿಂದ ಕಟ್ಟಿರುತ್ತಾರೆ.

ಜಾಣ್ಮೆ ಇರುವುದು ಬಲೆಯನ್ನು ದಾರಿಗೆ ಅಡ್ಡ ಹೂಡುವುದರಲ್ಲಿ. ಚೌಕಟ್ಟಿನ ನಡುವಿನಿಂದ ದಡದವರೆಗೆ 50 ಅಡಿಗೂ ಹೆಚ್ಚು ಉದ್ದದ ಜಾಲದ ಗೋಡೆಯೊಂದನ್ನು ಎಳೆದು ಕಟ್ಟುತ್ತಾರೆ. ದಡದ ಗುಂಟ ಈಜಿ ಬರುವ ವಾಲ್‌ಐ ಈ ಗೋಡೆಗೆ ತಾಕಿದರೆ ಆಳದ ಕಡೆಗೆ ತಿರುಗುತ್ತದೆ. ಅಡೆತಡೆ ಎದುರಾದಾಗ ಆಳಕ್ಕೆ ಸರಿಯುವುದು ಅದರ ಸ್ವಭಾವ. ಆಳದ ತುದಿಯಲ್ಲಿ ಬಲೆಯ ಬಾಯಿ ಕಾದಿರುತ್ತದೆ. ಹಾಗಾಗಿ ಬಲೆ ಹಾಕುವವರು ಮೊದಲು ದಡವನ್ನು ಓದಬೇಕು. ಜಲ್ಲಿ ಎಲ್ಲಿದೆ, ಕೆಸರು ಎಲ್ಲಿದೆ, ಗಾಳಿ ಯಾವ ದಂಡೆಗೆ ಬಡಿಯುತ್ತದೆ, ತೊರೆ ಎಲ್ಲಿ ಸೇರುತ್ತದೆ ಎಂಬುದನ್ನೆಲ್ಲ ನೋಡಿ ಬಲೆಗಳ ಜಾಗ ಗುರುತಿಸುತ್ತಾರೆ. ಅಲೆ ಬಡಿದು ತೊಳೆದ ಸ್ವಚ್ಛ ಕಲ್ಲು ಇದ್ದಲ್ಲಿ ಮೀನು ಹೆಚ್ಚು. ಕೆಸರಿನಲ್ಲಿ ಮೊಟ್ಟೆಗೆ ಉಸಿರಾಡಲು ಆಮ್ಲಜನಕ ಸಾಲದು, ಅದು ಮೀನಿಗೂ ಗೊತ್ತು.

ಹಾಕಿದ ಬಲೆಗಳನ್ನು ದಿನಕ್ಕೊಮ್ಮೆ ತಪ್ಪದೆ ಎತ್ತಬೇಕು. ಗಾಳಿ ಬೀಸಲಿ, ಹಿಮ ಉದುರಲಿ, ಬಲೆಯಲ್ಲಿ ಸಿಕ್ಕ ಮೀನು ಬದುಕಿ ಹಿಂದಿರುಗಬೇಕು ಎಂಬುದು ಈ ಕೆಲಸದ ಮೊದಲ ನಿಯಮ. ಚೀಲದ ಗಂಟು ಬಿಚ್ಚಿದಾಗ ವಾಲ್‌ಐ ಒಂದೇ ಬರುವುದಿಲ್ಲ. ಸಕ್ಕರ್ ಮೀನು, ಪೈಕ್, ಪರ್ಚ್ ಎಲ್ಲ ಒಟ್ಟಿಗೆ ನೀರು ತುಂಬಿದ ತೊಟ್ಟಿಗೆ ಜಾರುತ್ತವೆ. ಕೆಲವೊಮ್ಮೆ ಜಾಲಕ್ಕೆ ಅಂಟಿಕೊಂಡು ಪರ್ಚ್‌ನ ಮೊಟ್ಟೆಗಳೂ ಮೇಲೆ ಬರುತ್ತವೆ. ಹೆಣ್ಣು ಪರ್ಚ್ ತನ್ನ ಮೊಟ್ಟೆಗಳನ್ನೆಲ್ಲ ಲೋಳೆಯ ಒಂದೇ ಉದ್ದ ಪಟ್ಟಿಯಾಗಿ, ಮಡಿಕೆ ಮಡಿಕೆಯಾಗಿ ಇಡುತ್ತದೆ. ಅಂಗೈಯಲ್ಲಿ ಹಿಡಿದರೆ ನೀರಿನಷ್ಟೇ ಪಾರದರ್ಶಕ, ಒಳಗೆ ಸಾಲುಸಾಲಾಗಿ ಮೊಟ್ಟೆಯ ಕಾಳು. ಮುಂದೆ ವಾಲ್‌ಐ ಮರಿಗಳಿಗೆ ಊಟವಾಗುವುದು ಬಹುಪಾಲು ಈ ಪಟ್ಟಿಗಳಿಂದ ಹೊರಬಂದ ಮರಿಗಳೇ.

ಒಂದು ಮೀನು, ಅರ್ಧ ನಿಮಿಷ

ತೊಟ್ಟಿಯಿಂದ ಮೀನನ್ನು ಒದ್ದೆ ಕೈಯಲ್ಲೇ ಎತ್ತಬೇಕು. ಒಣಗೈ ತಾಕಿದರೆ ಅದರ ಮೈಯ ಲೋಳೆ ಕಿತ್ತುಬರುತ್ತದೆ, ಲೋಳೆ ಹೋದಲ್ಲಿ ಸೋಂಕು ತಗಲುತ್ತದೆ. ಒಬ್ಬರು ಮೀನನ್ನು ಅಳತೆಯ ಹಲಗೆಯ ಮೇಲೆ ಮಲಗಿಸಿ ಮೂತಿಯಿಂದ ಬಾಲದ ತುದಿಯವರೆಗಿನ ಉದ್ದವನ್ನು ಇಂಚಿನ ಹತ್ತನೇ ಒಂದು ಭಾಗದವರೆಗೆ ಕೂಗಿ ಹೇಳುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ಮುಂದಿನದು ಗಂಡು-ಹೆಣ್ಣಿನ ಗುರುತು. ಹೊಟ್ಟೆಯನ್ನು ಬೆರಳಿನಿಂದ ಹಿಂದಕ್ಕೆ ಮೆಲ್ಲಗೆ ನೇವರಿಸಿದರೆ ಗಂಡಾದರೆ ಹಾಲಿನಂಥ ದ್ರವ, ಹೆಣ್ಣಾದರೆ ಮೊಟ್ಟೆ ಹೊರಬರುತ್ತದೆ. ಮೊಟ್ಟೆ ಇನ್ನೂ ಗಟ್ಟಿಯೇ, ಸಡಿಲವಾಗಿದೆಯೇ, ಹೊಟ್ಟೆ ಬರಿದಾಗಿದೆಯೇ ಎಂಬುದನ್ನೂ ಬರೆಯುತ್ತಾರೆ. ಬರಿಹೊಟ್ಟೆಯ ಹೆಣ್ಣುಗಳು ಬಲೆಗೆ ಬೀಳತೊಡಗಿದವು ಎಂದರೆ ಹಂಗಾಮು ಮುಗಿಯುತ್ತ ಬಂದಿದೆ, ಗುರುತು ಹಾಕುವುದನ್ನು ನಿಲ್ಲಿಸಬೇಕು ಎಂದರ್ಥ.

ಕೊನೆಯದು ಗುರುತು. ಚಿಕ್ಕ ಕತ್ತರಿಯಿಂದ ನಿಗದಿತ ಈಜುರೆಕ್ಕೆಯ ಒಂದು ತುದಿಯನ್ನು ಕತ್ತರಿಸುತ್ತಾರೆ. ರೆಕ್ಕೆ ಮತ್ತೆ ಬೆಳೆಯುತ್ತದೆ, ಆದರೆ ಆ ಹಂಗಾಮಿನ ಮಟ್ಟಿಗೆ ಗುರುತು ಸ್ಪಷ್ಟ. ಬೆಳೆದ ಮೀನಿಗೆ ಒಂದು ರೆಕ್ಕೆ, ಎಳೆಯದಕ್ಕೆ ಇನ್ನೊಂದು. ಇಷ್ಟೆಲ್ಲ ಆಗುವುದು ಅರ್ಧ ನಿಮಿಷದಲ್ಲಿ. ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ಕೆಲವೇ ಡಿಗ್ರಿ ಮೇಲಿರುವಾಗ, ಬೆರಳು ಮರಗಟ್ಟಿದ ಮೇಲೂ, ನೂರನೆಯ ಮೀನಿಗೂ ಮೊದಲನೆಯದಕ್ಕೆ ಕೊಟ್ಟಷ್ಟೇ ಎಚ್ಚರ ಕೊಡುವುದರಲ್ಲಿ ಈ ಕೆಲಸದವರ ಯೋಗ್ಯತೆ ಕಾಣುತ್ತದೆ. ಒಂದು ಗುರುತು ತಪ್ಪಿದರೆ ಮುಂದಿನ ಗಣಿತವೆಲ್ಲ ಅಷ್ಟರಮಟ್ಟಿಗೆ ವಾಲುತ್ತದೆ. ಸರೋವರದಲ್ಲಿ ಇರಬಹುದಾದ ಬೆಳೆದ ಮೀನುಗಳಲ್ಲಿ ಹತ್ತರಲ್ಲೊಂದು ಪಾಲಿಗಾದರೂ ಗುರುತು ಬೀಳಬೇಕೆಂಬುದು ಗುರಿ.

ರಾತ್ರಿಯ ದೋಣಿ

ಗುರುತು ಹಾಕಿ ಬಿಟ್ಟ ಮೀನುಗಳು ಉಳಿದವುಗಳ ಜೊತೆ ಬೆರೆಯಲು ಒಂದೆರಡು ದಿನ ಬಿಡುತ್ತಾರೆ. ಆಮೇಲೆ ಬೇರೆ ಬಗೆಯ ದೋಣಿ ಬರುತ್ತದೆ. ಅದರೊಳಗೆ ಒಂದು ಜನರೇಟರ್, ಮೂತಿಯಲ್ಲಿ ಎರಡು ಚಾಚುಕೋಲು, ಕೋಲುಗಳ ತುದಿಯಿಂದ ನೀರಿಗೆ ಇಳಿಬಿಟ್ಟ ಲೋಹದ ತಂತಿಗಳು. ತಂತಿಗಳ ಸುತ್ತಲಿನ ಕೆಲವು ಅಡಿ ನೀರಿನಲ್ಲಿ ಹಿತಮಿತವಾದ ವಿದ್ಯುತ್ ಹರಿಯುತ್ತದೆ. ಅದರೊಳಗೆ ಸಿಕ್ಕ ಮೀನಿನ ಸ್ನಾಯುಗಳು ಕೆಲ ಕ್ಷಣ ಮರಗಟ್ಟಿ ಮೀನು ಮೇಲೆ ತೇಲುತ್ತದೆ. ಮುಂಗಟ್ಟೆಯಲ್ಲಿ ಉದ್ದ ಹಿಡಿಯ ಕೈಬಲೆ ಹಿಡಿದು ನಿಂತ ಇಬ್ಬರು ಅದನ್ನು ಬಾಚಿ ತೊಟ್ಟಿಗೆ ಹಾಕುತ್ತಾರೆ. ಸ್ವಲ್ಪ ಹೊತ್ತಿನಲ್ಲೇ ಮೀನು ಚೇತರಿಸಿಕೊಂಡು ಈಜತೊಡಗುತ್ತದೆ.

ನೀರಿನಲ್ಲಿ ಕರಗಿದ ಲವಣ ಎಷ್ಟಿದೆ, ಶಾಖ ಎಷ್ಟಿದೆ ಎಂಬುದರ ಮೇಲೆ ವಿದ್ಯುತ್ತಿನ ಪ್ರಮಾಣ ನಿರ್ಧಾರವಾಗುತ್ತದೆ. ಹೆಚ್ಚಾದರೆ ಮೀನಿನ ಬೆನ್ನುಮೂಳೆಗೆ ಪೆಟ್ಟು, ಕಡಿಮೆಯಾದರೆ ಮೀನು ತಪ್ಪಿಸಿಕೊಳ್ಳುತ್ತದೆ. ದೋಣಿ ನಡೆಸುವವರು ದಡದ ಆಕಾರವನ್ನೇ ಅನುಸರಿಸುತ್ತ, ಬಂಡೆಗೆ ತಾಗದೆ, ಆಳಕ್ಕೂ ಸರಿಯದೆ ಇಡೀ ಸರೋವರವನ್ನು, ನಡುಗಡ್ಡೆಗಳನ್ನೂ ಬಿಡದೆ ಸುತ್ತಬೇಕು. ಮೂತಿಯ ದೀಪದ ಬೆಳಕಿನಲ್ಲಿ ವಾಲ್‌ಐಗಳ ಕಣ್ಣು ಹೊಳೆದಾಗ ಕೈಬಲೆ ಆ ಕಡೆ ಹೊರಳುತ್ತದೆ. ದೊಡ್ಡ ಮೀನನ್ನೇ ಆರಿಸಿ ಹಿಡಿಯುವಂತಿಲ್ಲ. ಕಂಡದ್ದನ್ನೆಲ್ಲ ಹಿಡಿದು, ಯಾವುದಕ್ಕೆ ಗುರುತಿದೆ, ಯಾವುದಕ್ಕಿಲ್ಲ ಎಂದು ನೋಡಿ ಬರೆಯಬೇಕು.

ಇಲ್ಲಿಗೆ ಗಣಿತ ಶುರುವಾಗುತ್ತದೆ. ಬಲೆಯಲ್ಲಿ ಸಿಕ್ಕ 400 ಮೀನಿಗೆ ಗುರುತು ಹಾಕಿದ್ದೇವೆ ಎಂದಿಟ್ಟುಕೊಳ್ಳೋಣ. ರಾತ್ರಿಯ ದೋಣಿಯಲ್ಲಿ 150 ಮೀನು ಸಿಕ್ಕವು, ಅವುಗಳಲ್ಲಿ 30ಕ್ಕೆ ಗುರುತಿತ್ತು. ಅಂದರೆ ಸಿಕ್ಕವುಗಳಲ್ಲಿ ಐದಕ್ಕೊಂದು ಗುರುತಿನ ಮೀನು. ಇಡೀ ಸರೋವರದಲ್ಲೂ ಅದೇ ಪ್ರಮಾಣವಿದ್ದರೆ, 400 ಎಂಬುದು ಒಟ್ಟು ಮೀನಿನ ಐದನೇ ಒಂದು ಭಾಗ. ಒಟ್ಟು ಮೀನು ಸುಮಾರು 2,000. ಡೆನ್ಮಾರ್ಕಿನ ಮೀನುವಿಜ್ಞಾನಿ ಸಿ. ಜಿ. ಜೊಹಾನಸ್ ಪೀಟರ್ಸನ್ 1896ರಲ್ಲಿ ಪ್ಲೇಸ್ ಎಂಬ ಮೀನಿನ ಅಧ್ಯಯನದಲ್ಲಿ ಬೆಳಕಿಗೆ ತಂದ ದಾರಿ ಇದು. 1951ರಲ್ಲಿ ಚಾಪ್‌ಮನ್ ಎಂಬ ಸಂಖ್ಯಾಶಾಸ್ತ್ರಜ್ಞ ಇದಕ್ಕೊಂದು ತಿದ್ದುಪಡಿ ಸೇರಿಸಿದರು. ಮಾದರಿ ಚಿಕ್ಕದಾದಷ್ಟೂ ಹಳೆಯ ಸೂತ್ರ ತುಸು ಹೆಚ್ಚಿಗೆ ಹೇಳುತ್ತದೆ ಎಂಬುದು ಅವರ ತಿದ್ದುಪಡಿಯ ಕಾರಣ. ಅವರ ಸೂತ್ರದಂತೆ ಮೇಲಿನ ಲೆಕ್ಕ 1,952ಕ್ಕೆ ಇಳಿಯುತ್ತದೆ.

ಸೂತ್ರ ಒಂದು ಸಾಲಿನದು, ಷರತ್ತುಗಳು ಹಲವು. ಎರಡು ಹಿಡಿಯುವಿಕೆಗಳ ನಡುವೆ ಮೀನು ಸಾಯಬಾರದು, ಹೊರಗೆ ಹೋಗಬಾರದು, ಗುರುತು ಅಳಿಯಬಾರದು, ಗುರುತಿನ ಮೀನು ಉಳಿದವುಗಳಲ್ಲಿ ಸರಿಯಾಗಿ ಬೆರೆಯಬೇಕು. ಎರಡು ಸಲವೂ ಬಲೆಯಿಂದಲೇ ಹಿಡಿಯದೆ ಸಾಧನ ಬದಲಿಸುವುದಕ್ಕೂ ಇಲ್ಲಿ ಅರ್ಥವಿದೆ: ಬಲೆಗೆ ಸುಲಭವಾಗಿ ಬೀಳುವ ಮೀನೇ ಮತ್ತೆ ಬಲೆಗೆ ಬಿದ್ದರೆ ಲೆಕ್ಕ ಕೆಡುತ್ತದೆ. ಗಂಡುಗಳು ದಡದಲ್ಲಿ ಹಲವು ದಿನ ನಿಲ್ಲುತ್ತವೆ, ಹೆಣ್ಣುಗಳು ಮೊಟ್ಟೆಯಿಟ್ಟು ಬೇಗ ಹೊರಟುಬಿಡುತ್ತವೆ. ಆದ್ದರಿಂದ ಗಂಡು, ಹೆಣ್ಣು, ಗಾತ್ರ ಇವುಗಳನ್ನು ಬೇರೆ ಬೇರೆ ಎಣಿಸಿ ಆಮೇಲೆ ಕೂಡಿಸುತ್ತಾರೆ. ಬಂದ ಉತ್ತರದ ಜೊತೆ ಅದು ಎಷ್ಟರಮಟ್ಟಿಗೆ ಹೆಚ್ಚುಕಡಿಮೆಯಾಗಬಹುದು ಎಂಬ ಅಂದಾಜನ್ನೂ ತಪ್ಪದೆ ಬರೆಯುತ್ತಾರೆ.

ವಯಸ್ಸು ಓದುವುದು

ಎಷ್ಟಿವೆ ಎಂದು ತಿಳಿದರೆ ಅರ್ಧ ಕೆಲಸ. ಯಾವ ವಯಸ್ಸಿನವು ಎಷ್ಟಿವೆ ಎಂಬುದು ಉಳಿದರ್ಧ. ಆಯ್ದ ಕೆಲವು ಮೀನುಗಳಿಂದ ಬೆನ್ನಿನ ಈಜುರೆಕ್ಕೆಯ ಒಂದು ಮುಳ್ಳನ್ನು ಬುಡದ ಹತ್ತಿರ ಕತ್ತರಿಸಿ ಚಿಕ್ಕ ಲಕೋಟೆಗೆ ಹಾಕುತ್ತಾರೆ. ಪ್ರಯೋಗಾಲಯದಲ್ಲಿ ಒಣಗಿದ ಮುಳ್ಳನ್ನು ಅಂಟಿನ ಅಚ್ಚಿನಲ್ಲಿ ಕೂರಿಸಿ, ವಜ್ರದ ಅಲಗಿನ ನಿಧಾನ ಗರಗಸದಿಂದ ಕಾಗದದಷ್ಟು ತೆಳುವಾದ ಬಿಲ್ಲೆ ಕೊಯ್ಯುತ್ತಾರೆ. ಸೂಕ್ಷ್ಮದರ್ಶಕದ ಕೆಳಗೆ ಆ ಬಿಲ್ಲೆಯಲ್ಲಿ ಅಗಲ ಪಟ್ಟಿಯೊಂದು, ಅದರಾಚೆ ಕಿರುಗೆರೆಯೊಂದು, ಮತ್ತೆ ಅಗಲ ಪಟ್ಟಿ ಹೀಗೆ ಸಾಲಾಗಿ ಕಾಣುತ್ತವೆ. ಬೇಸಿಗೆಯಲ್ಲಿ ಮೀನು ತಿಂದು ಬೆಳೆದಾಗ ಅಗಲ ಪಟ್ಟಿ. ಮಂಜುಗಡ್ಡೆಯ ಕೆಳಗೆ ಬೆಳವಣಿಗೆ ನಿಂತಂತಾದಾಗ ಕಿರುಗೆರೆ. ಗೆರೆಗಳನ್ನೆಣಿಸಿದರೆ ವಯಸ್ಸು, ಗೆರೆಗಳ ನಡುವಿನ ಅಂತರ ನೋಡಿದರೆ ಯಾವ ಬೇಸಿಗೆಯಲ್ಲಿ ಹೊಟ್ಟೆತುಂಬ ಸಿಕ್ಕಿತು, ಯಾವುದರಲ್ಲಿ ಸಿಗಲಿಲ್ಲ ಎಂಬುದೂ ತಿಳಿಯುತ್ತದೆ.

ಓದುವುದು ಸುಲಭವಲ್ಲ. ಮುದಿ ಮೀನಿನ ಮುಳ್ಳಿನ ನಡುಭಾಗ ಸವೆದು ಮೊದಲ ವರ್ಷದ ಗೆರೆ ಮಾಯವಾಗಿರಬಹುದು, ಅಂಚಿನಲ್ಲಿ ಗೆರೆಗಳು ಒತ್ತೊತ್ತಾಗಿರಬಹುದು. ಆದ್ದರಿಂದ ಇಬ್ಬರು ಬೇರೆ ಬೇರೆ ಕುಳಿತು, ಮೀನಿನ ಉದ್ದವನ್ನೂ ತಿಳಿಯದೆ ಓದಿ, ಆಮೇಲೆ ತಾಳೆ ನೋಡುವುದು ಒಳ್ಳೆಯ ಪದ್ಧತಿ. ಇನ್ನೂ ನಿಖರವಾದುದು ಕಿವಿಗಲ್ಲು, ಅಂದರೆ ಮೀನಿನ ತಲೆಯೊಳಗೆ ಸಮತೋಲ ಕಾಯುವ ಸುಣ್ಣದ ಹರಳು. ಅದನ್ನು ತೆಗೆಯಲು ಮೀನು ಸಾಯಬೇಕು. ಹಾಗಾಗಿ ಅದನ್ನು ಮಿತವಾಗಿ ಬಳಸುತ್ತಾರೆ.

ವಯಸ್ಸಿನ ಪಟ್ಟಿ ಸಿದ್ಧವಾದಾಗ ಉತ್ತರದ ಸರೋವರಗಳ ಒಂದು ಸತ್ಯ ಎದುರಿಗೆ ಬರುತ್ತದೆ. ಎಲ್ಲ ವರ್ಷಗಳ ಮರಿಗಳೂ ಸಮನಾಗಿ ಉಳಿಯುವುದಿಲ್ಲ. ಒಂದು ವರ್ಷ ಹುಟ್ಟಿದ ಮರಿಗಳು ದಂಡಿಯಾಗಿ ಬದುಕಿದರೆ, ಮುಂದಿನ ಎರಡು ವರ್ಷದವು ಹೆಸರಿಗೂ ಸಿಗದಿರಬಹುದು. ಎಸ್ಕನಾಬಾದಲ್ಲಿ 1958ರಿಂದ 1980ರವರೆಗಿನ ಮರಿಗಳ ಲೆಕ್ಕವನ್ನು ಸ್ಟೀವನ್ ಸರ್ನ್ಸ್ ಎಂಬ ವಿಜ್ಞಾನಿ ಪರಿಶೀಲಿಸಿದಾಗ, ಮೇ ತಿಂಗಳಲ್ಲಿ ನೀರಿನ ಶಾಖ ಹೆಚ್ಚು ಏರುಪೇರಾದ ವರ್ಷಗಳಲ್ಲಿ ಮರಿಗಳು ಕಡಿಮೆ ಉಳಿದದ್ದು ಕಂಡುಬಂತು. ಮೊಟ್ಟೆಯೊಡೆದು ಹೊರಬಂದ ವಾಲ್‌ಐ ಮರಿ ಸೆಂಟಿಮೀಟರಿಗಿಂತ ಚಿಕ್ಕದು. ಕೆಲವೇ ದಿನಗಳಲ್ಲಿ ಅದಕ್ಕೆ ನೀರಿನ ಸೂಕ್ಷ್ಮಜೀವಿಗಳು ಸಿಗಬೇಕು, ಸ್ವಲ್ಪ ದೊಡ್ಡದಾದ ಮೇಲೆ ಪರ್ಚ್ ಮರಿಗಳು ಸಿಗಬೇಕು. ಈ ಹೊಂದಿಕೆ ಒಂದು ವಾರ ತಪ್ಪಿದರೂ ಆ ವರ್ಷದ ಪೀಳಿಗೆ ಬಡವಾಗುತ್ತದೆ.

ಹೀಗಾಗಿ ಶರತ್ಕಾಲದಲ್ಲಿ ವಿದ್ಯುತ್ ದೋಣಿ ಮತ್ತೊಮ್ಮೆ ದಡ ಸುತ್ತುತ್ತದೆ. ಈ ಸಲ ಹುಡುಕುವುದು ಆ ವರ್ಷವೇ ಹುಟ್ಟಿ ಐದಾರು ಇಂಚು ಬೆಳೆದ ಮರಿಗಳನ್ನು. ದಡದ ಒಂದು ಮೈಲಿಗೆ ಎಷ್ಟು ಮರಿ ಸಿಕ್ಕವು ಎಂಬುದರಿಂದ ಸರೋವರದ ಒಂದು ಎಕರೆಗೆ ಎಷ್ಟಿರಬಹುದು ಎಂದು ಅಂದಾಜು ಮಾಡುವ ಸೂತ್ರವೂ ಸರ್ನ್ಸ್ ಅವರದೇ, 1982ರದು. ಮೈಲಿಯ ಲೆಕ್ಕವನ್ನು 0.234ರಿಂದ ಗುಣಿಸಬೇಕು. ಮೈಲಿಗೆ 40 ಮರಿ ಸಿಕ್ಕರೆ ಎಕರೆಗೆ ಒಂಬತ್ತಕ್ಕೂ ಹೆಚ್ಚು. ವಿಸ್ಕಾನ್ಸಿನ್‌ನಲ್ಲಿ ವಾಲ್‌ಐ 15 ಇಂಚು ಮುಟ್ಟಲು ಸಾಮಾನ್ಯವಾಗಿ ನಾಲ್ಕೈದು ವರ್ಷ ಬೇಕು. ಅಂದರೆ ಈ ಶರತ್ಕಾಲದ ರಾತ್ರಿ ದೊರೆತ ಸಂಖ್ಯೆ ಇಂದಿನಿಂದ ನಾಲ್ಕೈದು ವರ್ಷದ ನಂತರ ಗಾಳಕ್ಕೆ ಏನು ಸಿಗಲಿದೆ ಎಂಬುದರ ಮುನ್ಸೂಚನೆ.

ಲೆಕ್ಕದಿಂದ ನಿಯಮಕ್ಕೆ

ಇರುವ ಮೀನಿನ ಲೆಕ್ಕದ ಪಕ್ಕದಲ್ಲಿ ಹೋದ ಮೀನಿನ ಲೆಕ್ಕವೂ ಬೇಕು. ಬೇರೆ ಸರೋವರಗಳಲ್ಲಿ ಸಿಬ್ಬಂದಿ ಆಯ್ದ ದಿನಗಳಲ್ಲಿ ಮಾತ್ರ ದೋಣಿಗಳನ್ನು ವಿಚಾರಿಸಿ, ಅದರಿಂದ ಇಡೀ ವರ್ಷದ ಅಂದಾಜು ಕಟ್ಟುತ್ತಾರೆ. ಎಸ್ಕನಾಬಾದಲ್ಲಿ ಅಂದಾಜು ಬೇಡ, ಚೀಟಿಗಳಲ್ಲೇ ಪೂರ್ತಿ ಲೆಕ್ಕವಿದೆ. ಹಲವು ದಶಕಗಳ ಕಾಲ ಇಲ್ಲಿ ಗಾತ್ರದ ಮಿತಿ, ಸಂಖ್ಯೆಯ ಮಿತಿ, ನಿಷೇಧದ ಅವಧಿ ಯಾವುದೂ ಇಲ್ಲದೆ ಮೀನು ಹಿಡಿಯಲು ಬಿಟ್ಟು, ಏನಾಗುತ್ತದೆ ಎಂದು ನೋಡಿದರು. 2003ರಲ್ಲಿ ವಾಲ್‌ಐಗೆ ಕನಿಷ್ಠ 28 ಇಂಚು ಎಂಬ ಬಿಗಿ ಮಿತಿ ತಂದು, ಹಿಡಿಯುವುದು ಬಹುತೇಕ ನಿಂತರೆ ಏನಾಗುತ್ತದೆ ಎಂದೂ ನೋಡಿದರು. ಒಂದೇ ನೀರಿನಲ್ಲಿ ಎರಡು ಬಗೆಯ ಕಾಲವನ್ನು ಹೋಲಿಸಲು ಇಷ್ಟು ದೀರ್ಘವಾದ ದಾಖಲೆ ಸಿಗುವುದು ಅಪರೂಪ.

ಉತ್ತರ ವಿಸ್ಕಾನ್ಸಿನ್‌ನ ಸರೋವರಗಳಿಗೆ ಹಕ್ಕುದಾರರು ಗಾಳಗಾರರು ಮಾತ್ರವಲ್ಲ. ಇದು ಒಜಿಬ್ವೆ ಜನರ ನಾಡು. 1837 ಮತ್ತು 1842ರ ಒಪ್ಪಂದಗಳಲ್ಲಿ ಅವರು ನೆಲ ಬಿಟ್ಟುಕೊಟ್ಟರೂ ಬೇಟೆ ಮತ್ತು ಮೀನುಗಾರಿಕೆಯ ಹಕ್ಕನ್ನು ಉಳಿಸಿಕೊಂಡಿದ್ದರು. ಆ ಹಕ್ಕನ್ನು 1983ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು. ವಾಲ್‌ಐ ದಡಕ್ಕೆ ಬರುವ ವಸಂತದ ರಾತ್ರಿಗಳಲ್ಲಿ, ದೀಪದ ಬೆಳಕಿನಲ್ಲಿ ಈಟಿಯಿಂದ ಮೀನು ಹಿಡಿಯುವುದು ಅವರ ಹಳೆಯ ವಿದ್ಯೆ. ಅವರು ಹಿಡಿದ ಮೀನುಗಳನ್ನು ಆ ರಾತ್ರಿಯೇ ದೋಣಿಗಟ್ಟೆಯಲ್ಲಿ ಎಣಿಸಿ ದಾಖಲಿಸುತ್ತಾರೆ. 1984ರಲ್ಲಿ ಸ್ಥಾಪನೆಯಾದ ಬುಡಕಟ್ಟುಗಳ ಜಂಟಿ ಆಯೋಗಕ್ಕೆ ತನ್ನದೇ ಜೀವವಿಜ್ಞಾನಿಗಳಿದ್ದಾರೆ, ತನ್ನದೇ ವಿದ್ಯುತ್ ದೋಣಿಗಳಿವೆ.

ಇಬ್ಬರ ಪಾಲೂ ಸೇರಿ ಒಂದು ಸರೋವರದ ಬೆಳೆದ ವಾಲ್‌ಐಗಳಲ್ಲಿ ವರ್ಷಕ್ಕೆ ಶೇ. 35ಕ್ಕಿಂತ ಹೆಚ್ಚು ಹೋಗಬಾರದು ಎಂಬುದು ಒಪ್ಪಿತ ಗಡಿ. ಎಣಿಕೆಯಲ್ಲಿ ಹೆಚ್ಚುಕಡಿಮೆ ಇರುವುದರಿಂದ, ಗಡಿ ಮೀರುವ ಸಂಭವ ನಲವತ್ತರಲ್ಲಿ ಒಂದಕ್ಕಿಂತ ಹೆಚ್ಚಾಗದ ಹಾಗೆ ಪಾಲನ್ನು ಇನ್ನೂ ಕೆಳಗಿಳಿಸಿ ನಿಗದಿಪಡಿಸುತ್ತಾರೆ. ಎಣಿಕೆ ಹಳೆಯದಾದಷ್ಟೂ ಪಾಲು ಕಡಿಮೆ. ತಿಳಿವಳಿಕೆ ಎಷ್ಟು ಮಸುಕೋ ಹಿಡಿಯುವ ಕೈ ಅಷ್ಟು ಬಿಗಿಯಾಗಬೇಕು ಎಂಬ ಈ ತತ್ವ ಮೀನಿನ ಆಚೆಗೂ ಸಲ್ಲುವಂಥದ್ದು.

ಗಾಳಗಾರನ ಪಾಲಿಗೆ

ಈಗ ಆ ವರದಿಯ ಸಾಲಿಗೆ ಬರೋಣ. ಗಾತ್ರ ಚೆನ್ನಾಗಿದೆಯೇ ಎಂದು ಹೇಳಲು ಒಂದು ಸರಳ ಅಳತೆಯಿದೆ. ಸಮೀಕ್ಷೆಯಲ್ಲಿ ಸಿಕ್ಕ 10 ಇಂಚಿಗಿಂತ ಉದ್ದದ ವಾಲ್‌ಐಗಳಲ್ಲಿ 15 ಇಂಚು ದಾಟಿದವು ನೂರಕ್ಕೆ ಎಷ್ಟು? ಈ ಸಂಖ್ಯೆ 30ರಿಂದ 60ರ ನಡುವೆ ಇದ್ದರೆ ಎಳೆಯವು, ಬೆಳೆದವು ಹದವಾಗಿ ಬೆರೆತಿವೆ ಎಂದರ್ಥ. ತೀರ ಕಡಿಮೆಯಾದರೆ ಗಾಳಕ್ಕೆ ಬರಿ ಚಿಕ್ಕವೇ ಸಿಗುತ್ತವೆ. ತೀರ ಹೆಚ್ಚಾದರೆ ಕೆಲವು ಕಾಲ ದೊಡ್ಡ ಮೀನು ಸಿಕ್ಕು ಖುಷಿಯಾಗುತ್ತದೆ, ಆದರೆ ಹಿಂದೆ ಬರುವ ಪೀಳಿಗೆಯಿಲ್ಲ ಎಂಬ ಎಚ್ಚರಿಕೆಯೂ ಅದರಲ್ಲೇ ಇದೆ. ಈ ಸೀಮೆಯ ಹಲವು ಸರೋವರಗಳಲ್ಲಿ 15 ಇಂಚಿಗಿಂತ ಚಿಕ್ಕ ವಾಲ್‌ಐಯನ್ನೂ, 20ರಿಂದ 24 ಇಂಚಿನ ನಡುವಿನದನ್ನೂ ಮರಳಿ ನೀರಿಗೆ ಬಿಡಬೇಕೆಂಬ ನಿಯಮವಿದೆ. ಮೊದಲನೆಯದು ಬೆಳೆಯಬೇಕಾದದ್ದು, ಎರಡನೆಯದರಲ್ಲಿ ಹೆಚ್ಚಿನವು ಮೊಟ್ಟೆಯಿಡುವ ಹೆಣ್ಣುಗಳು.

ಎಲ್ಲಿ, ಯಾವಾಗ ಎಂಬುದಕ್ಕೂ ಇದೇ ತಿಳಿವಳಿಕೆ ದಾರಿ ತೋರಿಸುತ್ತದೆ. ಮೇ ಮೊದಲ ವಾರಗಳಲ್ಲಿ ವಾಲ್‌ಐ ಇನ್ನೂ ಕಲ್ಲುದಡದ ಆಸುಪಾಸಿನಲ್ಲಿರುತ್ತದೆ, ಸೀಸದ ತಲೆಯ ಗಾಳಕ್ಕೆ ಸಣ್ಣಮೀನು ಚುಚ್ಚಿ ನಿಧಾನವಾಗಿ ಎಳೆದರೆ ಕಚ್ಚುತ್ತದೆ. ಬೇಸಿಗೆಯಲ್ಲಿ ಹಗಲು ಜಲಸಸ್ಯಗಳ ಆಳದ ಅಂಚಿಗೆ, ನೀರೊಳಗಿನ ದಿಣ್ಣೆಗಳ ಇಳಿಜಾರಿಗೆ ಸರಿದು, ಸಂಜೆಗೆ ಮೇಲೆ ಬರುತ್ತದೆ. ಗಾಳಿ ಎದ್ದು ಅಲೆಗಳು ಬೆಳಕನ್ನು ಚದುರಿಸಿದ ದಿನ ಹಗಲಲ್ಲೂ ಸಿಗುವುದುಂಟು. ಚಳಿಗಾಲದಲ್ಲಿ ಮಂಜುಗಡ್ಡೆ ಕೊರೆದು ಕೂತವರಿಗೆ ಹಗಲಿನಲ್ಲಿ ಪರ್ಚ್, ಸೂರ್ಯ ಇಳಿದಂತೆ ವಾಲ್‌ಐ. ಪರ್ಚ್ ಬೆಳಕಿನಲ್ಲಿ ಕಂಡು ತಿನ್ನುವ ಮೀನು, ಅದರ ದೃಷ್ಟಿ ಮಂದವಾಗುವ ಹೊತ್ತೇ ವಾಲ್‌ಐಯ ಬೇಟೆಯ ಹೊತ್ತು.

ಬದಲಾಗುತ್ತಿರುವ ನೀರು

ಇಷ್ಟು ಎಚ್ಚರದ ನಡುವೆಯೂ ಉತ್ತರ ವಿಸ್ಕಾನ್ಸಿನ್‌ನ ಅನೇಕ ಸರೋವರಗಳಲ್ಲಿ ವಾಲ್‌ಐ ಇಳಿಮುಖವಾಗಿದೆ. 2019ರಲ್ಲಿ ಪ್ರಕಟವಾದ ಅಧ್ಯಯನವೊಂದು 179 ಸರೋವರಗಳ 1990ರಿಂದ 2012ರವರೆಗಿನ ದಾಖಲೆಗಳನ್ನು ಹೊಸ ರೀತಿಯಲ್ಲಿ ಓದಿತು. ಎಷ್ಟು ಮೀನು ಇವೆ ಎಂದು ಕೇಳುವ ಬದಲು, ವರ್ಷದಲ್ಲಿ ಹೊಸದಾಗಿ ಎಷ್ಟು ಮಾಂಸ ಬೆಳೆಯುತ್ತದೆ, ಅದರಲ್ಲಿ ಎಷ್ಟು ಹೊರಹೋಗುತ್ತದೆ ಎಂದು ಕೇಳಿತು. ಸುಮಾರು ಶೇ. 40ರಷ್ಟು ಸರೋವರಗಳಲ್ಲಿ ಬೆಳೆದದ್ದಕ್ಕಿಂತ ಹೆಚ್ಚು ಹೊರಹೋಗುತ್ತಿತ್ತು. ಜೊತೆಗೆ ನೀರು ಬೆಚ್ಚಗಾಗುತ್ತಿದೆ. ಬೆಚ್ಚನೆಯ, ತಿಳಿಯಾದ, ಸಸ್ಯ ತುಂಬಿದ ನೀರು ಲಾರ್ಜ್‌ಮೌತ್ ಬಾಸ್ ಎಂಬ ಮೀನಿಗೆ ಅನುಕೂಲ, ವಾಲ್‌ಐಗೆ ಕಷ್ಟ. ವಿಸ್ಕಾನ್ಸಿನ್‌ನ ಎರಡು ಸಾವಿರಕ್ಕೂ ಹೆಚ್ಚು ಸರೋವರಗಳ ಕುರಿತ 2017ರ ಅಧ್ಯಯನದ ಪ್ರಕಾರ, ವಾಲ್‌ಐ ತಾನಾಗಿ ಮರಿ ಮಾಡಬಲ್ಲ ಸರೋವರಗಳು ಮುಂದಿನ ದಶಕಗಳಲ್ಲಿ ಶೇ. 10ರಿಂದ ಶೇ. 4ಕ್ಕಿಂತ ಕೆಳಗಿಳಿಯಬಹುದು.

ಮರಿ ಬಿತ್ತನೆ ಒಂದು ಉಪಾಯ. 2013ರಲ್ಲಿ ಶುರುವಾದ ವಿಸ್ಕಾನ್ಸಿನ್ ವಾಲ್‌ಐ ಯೋಜನೆಯಲ್ಲಿ ಮರಿಗಳನ್ನು ಶರತ್ಕಾಲದವರೆಗೆ ಕೊಳಗಳಲ್ಲಿ ಸಾಕಿ, ಆರೇಳು ಇಂಚಾದ ಮೇಲೆ ಸರೋವರಕ್ಕೆ ಬಿಡುತ್ತಾರೆ. ಚಿಕ್ಕ ಮರಿಗಿಂತ ಇವು ಹೆಚ್ಚು ಉಳಿಯುತ್ತವೆ, ಖರ್ಚೂ ಹೆಚ್ಚು. ಆದರೆ ತಾನಾಗಿ ಮರಿ ಮಾಡುವ ಸರೋವರಕ್ಕೆ ಬಿತ್ತನೆಯಿಂದ ಲಾಭವಿಲ್ಲ. ಎಲ್ಲಿ ಬಿತ್ತಬೇಕು, ಎಲ್ಲಿ ಕೈಕಟ್ಟಿ ಕಾಯಬೇಕು ಎಂಬುದನ್ನು ಹೇಳುವುದು ಮತ್ತೆ ಅದೇ ವಸಂತದ ಬಲೆ, ಅದೇ ಶರತ್ಕಾಲದ ದೋಣಿ.

ಹಾಗಾಗಿ ಉತ್ತರದ ಯಾವುದೇ ಚಿಕ್ಕ ಸರೋವರದ ವರದಿ ಕೈಗೆ ಬಂದಾಗ ಮೂರು ಸಂಗತಿ ಹುಡುಕಬೇಕು: ಎಣಿಕೆ ಯಾವ ವರ್ಷದ್ದು, ಮರಿಗಳ ಯಾವ ಪೀಳಿಗೆ ಗಟ್ಟಿಯಾಗಿದೆ, ಆ ಪೀಳಿಗೆಯ ಹಿಂದೆ ಇನ್ನೊಂದಿದೆಯೇ. ಹಿಂದೆ ಇನ್ನೊಂದಿದ್ದರೆ ಒಂದೆರಡು ಮೀನನ್ನು ನಿಶ್ಚಿಂತೆಯಿಂದ ಮನೆಗೆ ಒಯ್ಯಬಹುದು. ಇಲ್ಲದಿದ್ದರೆ ಹಿಡಿದ ಹೆಣ್ಣು ಮೀನನ್ನು ಒದ್ದೆ ಕೈಯಲ್ಲಿ ಎತ್ತಿ ನೀರಿಗೆ ಬಿಡುವುದೇ ಮುಂದಿನ ಐದು ವರ್ಷದ ಗಾಳಗಾರಿಕೆಗೆ ನಾವು ಕೊಡಬಹುದಾದ ಪಾಲು.